ನಿಲ್ಲದೆ ಓಡಿದ ಸಾವಿರದ ಇನ್ನೂರು ದಿನ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8.40

1,214. ಬರೆದಾಯಿತು. ಸರ್ವರ್ ರೂಮಿನ ಬಾಗಿಲ ಪಕ್ಕದ ಬಿಳಿ ಬೋರ್ಡು, ನೀಲಿ ಮಾರ್ಕರು, ಅಂಗೈಯಗಲದ ಅಂಕಿ. ಕಾಫಿಗಿಂತ ಮುಂಚೆ ಇದೇ ಕೆಲಸ. ಆಸ್ಪತ್ರೆಯ ರಕ್ತನಿಧಿಯ ಫ್ರಿಜ್‌ಗಳನ್ನು ಕಾಯುವ ನನ್ನ ಪ್ರೋಗ್ರಾಂ ಒಂದು ಸೆಕೆಂಡೂ ನಿಲ್ಲದೆ ಓಡಿದ ದಿನಗಳು ಇವು. ಆರು ಫ್ರಿಜ್. ಯಾವುದಾದರೂ ಬೆಚ್ಚಗಾದರೆ ರಕ್ತನಿಧಿಯ ಮೇಜಿನ ಫೋನಿಗೆ ತಾನಾಗಿ ಕರೆ ಹೋಗುತ್ತದೆ. ಬರೆದವನು ನಾನು. ಸಾಕುತ್ತಿರುವವನೂ ನಾನೇ.

ಇಲ್ಲಿ ನನ್ನ ಹೆಸರು ಯಾರಿಗೂ ನೆನಪಿಲ್ಲ. "ದಿನದ ಲೆಕ್ಕದ ಸಾರ್" ಎನ್ನುತ್ತಾರೆ. ಬೆನ್ನ ಹಿಂದೆ ನಗುತ್ತಾರೆ, ಗೊತ್ತು. ನಗಲಿ. ಎಕ್ಸ್‌ರೇಯವರ ಮಷೀನು ವಾರಕ್ಕೆರಡು ಸಲ ಮಲಗುತ್ತದೆ. ಲಿಫ್ಟಿನ ಕಥೆ ಹೇಳುವುದೇ ಬೇಡ. ಈ ಇಡೀ ಕಟ್ಟಡದಲ್ಲಿ ನಿಲ್ಲದೆ ನಡೆದಿರುವುದು ಎರಡೇ — ಮುಂಬಾಗಿಲ ಹತ್ತಿರದ ಕಾವಲುಗಾರನ ಬಾಯಿ, ನನ್ನ ಪ್ರೋಗ್ರಾಂ.

ಅದೇ ದಿನ, ಮಧ್ಯಾಹ್ನ 1.15

ದಾಖಲಾತಿ ಕೌಂಟರಿನ ಗುಮಾಸ್ತ ಫೋನ್ ಮಾಡಿದ್ದ. ಅಳುವುದೊಂದು ಬಾಕಿ.

"ಸಾರ್, ಪ್ರೋಗ್ರಾಮಿನ ಹೊಸ ಫೈಲ್ ಹಾಕೋಕೆ ಹೋದ್ರೆ 'ಹಳೇದು ಬಳಕೆಯಲ್ಲಿದೆ, ಮೊದ್ಲು ಮುಚ್ಚಿ' ಅನ್ನತ್ತೆ. ಮುಚ್ಚಿದೆ. ಈಗ 'ರೀಸ್ಟಾರ್ಟ್ ಮಾಡಿ, ಇಲ್ಲಾಂದ್ರೆ ಕೆಲಸ ಮುಗಿಯಲ್ಲ' ಅನ್ನತ್ತೆ. ಇಲ್ಲಿ ನಲವತ್ತು ಜನ ಸಾಲಲ್ಲಿ ನಿಂತಿದಾರೆ."

"ನಿಮ್ಮ ಕೌಂಟರಿನ ಕಂಪ್ಯೂಟರ್ ಹಠಮಾರಿ ಮಗು ಕಣಪ್ಪ. ಕೈಯಲ್ಲಿರೋ ಗೊಂಬೆ ಬಿಡಲ್ಲ. ನಮ್ಮ ಸರ್ವರ್ ಹಂಗಲ್ಲ."

ಊಟದ ಹೊತ್ತಿಗೆ ಡಬ್ಬಿ ಹಿಡಿದುಕೊಂಡು ಮೇಲೆ ಬಂದ. ನಿಲ್ಲಿಸದೆ ಹೇಗೆ ಬದಲಾಯಿಸುತ್ತೀರಿ ಎಂದು ಕೇಳಿದ. ಕೇಳಬೇಕೇ! ಅರ್ಧ ಗಂಟೆ ಹೇಳಿದೆ.

ಪ್ರೋಗ್ರಾಂ ಇರುವುದು ಒಂದು ಫೈಲಿನಲ್ಲಿ, ಏನಾದರೂ ತಿದ್ದಿದರೆ ಹೊಸ ಫೈಲ್ ಹಾಕಬೇಕು. ಓಡುತ್ತಿರುವ ಫೈಲಿನ ಮೇಲೆಯೇ ಹೊಸದನ್ನು ಬರೆಯಬಾರದು. ನನಗಿಂತ ಮುಂಚೆ ಇದ್ದವನು ಒಮ್ಮೆ ಹಾಗೆ ಮಾಡಿದಾಗ ಆಗಿನ ಪ್ರೋಗ್ರಾಂ ನಡುದಾರಿಯಲ್ಲಿ ಕುಸಿದಿತ್ತು. ನನ್ನ ರೀತಿ ಬೇರೆ. ಹೊಸ ಫೈಲನ್ನು ಪಕ್ಕದಲ್ಲಿ ಬೇರೆ ಹೆಸರಿನಲ್ಲಿ ಪೂರ್ತಿ ಇಳಿಸಬೇಕು. ಆಮೇಲೆ ಒಂದೇ ಏಟಿಗೆ ಹಳೆಯದರ ಹೆಸರನ್ನು ಹೊಸದಕ್ಕೆ ಕೊಡಬೇಕು. ಹಳೆಯ ಫೈಲಿಗೆ ಹೆಸರು ಹೋಗುತ್ತದೆ, ಜೀವ ಹೋಗುವುದಿಲ್ಲ. ಪ್ರೋಗ್ರಾಂ ಅದನ್ನು ಹಿಡಿದುಕೊಂಡಿರುವವರೆಗೂ ಸಿಸ್ಟಂ ಅದನ್ನು ಡಿಸ್ಕಿನಲ್ಲಿ ಕಾಪಾಡಿಕೊಂಡಿರುತ್ತದೆ. ಯಾರೂ ಬೀಳುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ಹೀಗೆ ಏಳು ಸಲ ಹೊಸ ಫೈಲ್ ಹಾಕಿದ್ದೇನೆ. ಏಳು ಸಲವೂ ಬೋರ್ಡಿನ ಅಂಕಿ ಅಲುಗಲಿಲ್ಲ.

ಗುಮಾಸ್ತ ಬಾಯಿ ತೆರೆದುಕೊಂಡು ಕೇಳಿದ. ಅವನ ಡಬ್ಬಿಯಿಂದ ಎರಡು ತುಂಡು ಕೇಕ್ ಕೊಟ್ಟ. ಸಂದ ಗೌರವ.

ಮಾರ್ಚ್ 4, ಮಂಗಳವಾರ

1,215.

ಥರ್ಮಾಮೀಟರ್ ಮೇಡಂ ಮತ್ತೆ ಬಂದಿದ್ದಳು. ರಕ್ತನಿಧಿಯ ಟೆಕ್ನಿಷಿಯನ್. ಕೋಟಿನ ಜೇಬಿನಲ್ಲಿ ಸದಾ ಒಂದು ಗಾಜಿನ ಥರ್ಮಾಮೀಟರು, ಅದಕ್ಕೇ ನಾನಿಟ್ಟ ಹೆಸರು. ದಿನಕ್ಕೆ ಮೂರು ಸಲ ಪ್ರತಿ ಫ್ರಿಜ್ಜಿನ ಶಾಖವನ್ನು ತಾನೇ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಪರದೆಯ ಮೇಲೆ ದೊಡ್ಡದಾಗಿ ಬರುತ್ತಿರುವಾಗ!

"ಸಾರ್, ಒಂದನೇ ಫ್ರಿಜ್ಜು ಇನ್ನೂ ಅರ್ಧ ಡಿಗ್ರಿ ಕಮ್ಮಿ ತೋರಿಸ್ತಿದೆ."

"ಅದನ್ನ ಸರಿ ಮಾಡಿ ವರ್ಷದ ಮೇಲಾಯ್ತು ಮೇಡಂ. ನಿಮ್ಮ ಗಾಜಿನ ಕಡ್ಡೀನ ಒಂದ್ಸಲ ಪರೀಕ್ಷೆ ಮಾಡಿಸಿ."

ಮುಖ ಸಣ್ಣದು ಮಾಡಿಕೊಂಡು ಹೋದಳು. ನನಗೇನೂ ಬೇಸರವಾಗಲಿಲ್ಲ. ಸ್ವಲ್ಪ ಖುಷಿಯೇ ಆಯಿತು.

ಮಾರ್ಚ್ 6, ಗುರುವಾರ. ಸಂಜೆ 6

ಕೆಟ್ಟ ದಿನ. ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಗಿ ಜನರೇಟರಿಗೆ ಬದಲಾಗುವಾಗ ಎರಡು ಮತ್ತು ನಾಲ್ಕನೇ ಫ್ರಿಜ್‌ಗಳು ಒಟ್ಟಿಗೇ ಕೈಕೊಟ್ಟವು. ಎರಡನೆಯದರ ಅಲಾರಾಂ ಬಂತು, ಟೆಕ್ನಿಷಿಯನ್ ಓಡಿ ಅದರ ರಕ್ತವನ್ನೆಲ್ಲ ಬೇರೆ ಕಡೆ ಸಾಗಿಸಿದಳು. ನಾಲ್ಕನೆಯದನ್ನು ನೋಡಿದ್ದು ಐದು ಗಂಟೆಗೆ, ಅಳತೆಗೆ ಹೋದಾಗ. ಮೂವತ್ತೆಂಟು ಚೀಲ ಚೆಲ್ಲಬೇಕಾಯಿತು. ನಾಳೆಯ ಒಂದು ಆಪರೇಷನ್ ಮುಂದಕ್ಕೆ ಹೋಗಿದೆ. ಯಾರಿಗೂ ಏನೂ ಆಗಲಿಲ್ಲ, ಸದ್ಯ.

ನಾಲ್ಕನೆಯದರ ಅಲಾರಾಂ ಬರಲೇ ಇಲ್ಲ ಎನ್ನುತ್ತಾಳೆ.

ಬರದೇ ಇರುವುದುಂಟೆ? ಪ್ರೋಗ್ರಾಂ ತಾನೇ ಬರೆದಿಡುವ ಲಾಗ್ ತೆಗೆದು ನೋಡಿದೆ. 2.04ಕ್ಕೆ ಎರಡು ಸಾಲು. ಫ್ರಿಜ್ 2 — ಕರೆ ಹೋಗಿದೆ. ಫ್ರಿಜ್ 4 — ಕರೆ ಹೋಗಿದೆ. ಕಣ್ಣಿಗೆ ಕಾಣುವಂತಿದೆ.

ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ 3

1,218.

ಸೂಪರಿಂಟೆಂಡೆಂಟ್ ವರದಿ ಕೇಳಿದರು. ಒಂದೂವರೆ ಪುಟ ಬರೆದುಕೊಟ್ಟೆ. ಒಂದು ಕಾಲದಲ್ಲಿ ಇಂಥ ದೋಷ ಇದ್ದದ್ದು ನಿಜ — ಒಂದೇ ನಿಮಿಷದಲ್ಲಿ ಎರಡು ಫ್ರಿಜ್ ಕೆಟ್ಟರೆ ಪ್ರೋಗ್ರಾಂ ಒಂದಕ್ಕೆ ಮಾತ್ರ ಕರೆ ಮಾಡಿ ಎರಡಕ್ಕೂ "ಹೋಗಿದೆ" ಎಂದು ಬರೆದುಕೊಳ್ಳುತ್ತಿತ್ತು. ಅದನ್ನು ನಾನೇ ಕಂಡುಹಿಡಿದು, ಹೋದ ವರ್ಷದ ಹಿಂದಿನ ವರ್ಷ ಜೂನ್ 19ರಂದು ಹೊಸ ಫೈಲ್ ಹಾಕಿ ಸರಿಪಡಿಸಿದ್ದೇನೆ. ಫೈಲ್ ಇಗೋ, ತಾರೀಖು ಇಗೋ. ಕರೆ ಹೋಗಿದೆ. ಎತ್ತದಿದ್ದರೆ ಅದು ಪ್ರೋಗ್ರಾಮಿನ ತಪ್ಪಲ್ಲ.

ಕೊನೆಯ ವಾಕ್ಯ ಓದಿಕೊಂಡಾಗ ಮೀಸೆ ತಿರುವಿಕೊಳ್ಳುವ ಹಾಗಾಯಿತು.

ಹೊರಬರುವಾಗ ಎದುರಿಗೆ ಸಿಕ್ಕಳು.

"ಸಾರ್, ಫೋನ್ ಒಂದೇ ಸಲ ಹೊಡೆದದ್ದು. ನಾನು ಅಲ್ಲೇ ಇದ್ದೆ."

"ನೀವು ಎರಡನೇ ಫ್ರಿಜ್ಜಿನ ಹತ್ರ ಓಡಿದ್ರಲ್ಲ ಮೇಡಂ, ಹೊಡೆದದ್ದು ಕೇಳಿಸಿರಲಿಕ್ಕಿಲ್ಲ."

"ಫ್ರಿಜ್ಜಿಗೂ ಫೋನಿಗೂ ಆರು ಹೆಜ್ಜೆ ಸಾರ್."

ನಾನು ಹೆಗಲು ಕುಣಿಸಿ ನಡೆದೆ. ಹದಿನಾಲ್ಕರಂದು ವಿಚಾರಣೆ. ಅಲ್ಲಿಯವರೆಗೆ ಅವಳು ಕೆಲಸಕ್ಕೆ ಬರುವಂತಿಲ್ಲ. ಅಸಡ್ಡೆ ಎಂದು ತೀರ್ಮಾನವಾದರೆ ಕೆಲಸ ಹೋಗುತ್ತದಂತೆ. ತೀರ್ಮಾನಕ್ಕೆ ಇರುವ ಆಧಾರ ಒಂದೇ, ನನ್ನ ವರದಿ.

ಮಾರ್ಚ್ 11, ಮಂಗಳವಾರ. ಸಂಜೆ 7.30

ಬರೆದುಬಿಡುತ್ತೇನೆ.

ಮನೆಯವಳು ಯಾರದೋ ಕೋಟಿನ ಒಳಬಟ್ಟೆ ಬಿಚ್ಚಿ ಹೊಸದು ಹೊಲಿಯುತ್ತಿದ್ದಳು. ಸುಮ್ಮನೆ ಕೂತಿದ್ದೆನಲ್ಲ, ಬಾಯಿ ಸುಮ್ಮನಿರಬೇಕೇ — ಗುಮಾಸ್ತನಿಗೆ ಹೇಳಿದ್ದನ್ನೇ ಅವಳಿಗೂ ಕೊಚ್ಚಿಕೊಂಡೆ. ಹೆಸರು ಹೋಗುತ್ತದೆ, ಜೀವ ಹೋಗುವುದಿಲ್ಲ, ಇತ್ಯಾದಿ. ಹಲ್ಲಿನಲ್ಲಿ ದಾರ ಕಡಿಯುತ್ತ ಕೇಳಿದಳು:

"ಅಂದ್ರೆ ಬಾಗಿಲ ಮೇಲಿನ ಬೋರ್ಡು ಬದಲಾಯಿಸ್ತೀರಿ. ಒಳಗೆ ಕೂತಿರೋದು ಹಳೇ ಆಸಾಮಿನೇ."

"ಹೂಂ, ಅವನಿಗೆ ತೊಂದ್ರೆ ಕೊಡಬಾರದಲ್ಲ."

"ಸರಿ. ಅವನು ಎದ್ದು ಹೋಗೋದು ಯಾವಾಗ?"

"ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿದಾಗ. ಆಗ ಹೊಸ ಫೈಲ್ ಓದ್ಕೊಳ್ಳತ್ತೆ."

"ನಿಮ್ದು ನಿಲ್ಲಿಸೇ ಇಲ್ವಲ್ರೀ."

ಸೂಜಿಗೆ ದಾರ ಪೋಣಿಸಿಕೊಂಡು ತನ್ನ ಪಾಡಿಗೆ ಹೊಲಿಯತೊಡಗಿದಳು. ನಾನು ಬೆರಳು ಮಡಿಸಿ ಎಣಿಸಿದೆ. ಏಳು ಸಲ ಹೊಸ ಫೈಲ್… ಒಂದು ಸಲವೂ…

ಇಲ್ಲ. ಹಾಗಾಗಿರಲಾರದು. ಪ್ರತಿಯೊಂದನ್ನೂ ಪರೀಕ್ಷೆಗೆಂದೇ ಇಟ್ಟ ಚಿಕ್ಕ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದ್ದೇನೆ. ಆದರೆ ಅಲ್ಲಿ ಪ್ರತಿ ಸಲವೂ ಹೊಸದಾಗಿ ಶುರು ಮಾಡುತ್ತಿದ್ದೆ.

ಬೆಳಗಾಗಲಿ.

ಮಾರ್ಚ್ 12, ಬುಧವಾರ. ಬೆಳಿಗ್ಗೆ 7.05

ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೆಗೆದೆ. ನನ್ನದು ಶುರುವಾದ ದಿನ: ಮೂರು ವರ್ಷದ ಹಿಂದಿನ ನವೆಂಬರ್ 5. ಅದು ಹಿಡಿದುಕೊಂಡಿರುವ ಫೈಲಿನ ಹೆಸರು, ಹೆಸರಿನ ಮುಂದೆ ಒಂದು ಪದ — ಡಿಲೀಟೆಡ್.

ಅಷ್ಟೇ. ಸಿಸ್ಟಂ ಯಾವತ್ತೂ ಮುಚ್ಚಿಟ್ಟಿರಲಿಲ್ಲ. ಕೇಳಿದ್ದರೆ ಮೊದಲ ದಿನವೇ ಹೇಳುತ್ತಿತ್ತು. ನಾನು ಕೇಳಲಿಲ್ಲ. ದಿನ ಎಣಿಸುತ್ತಿದ್ದೆ.

ಜೂನ್ 19ರ ಆ ಫೈಲ್ ಇಲ್ಲಿ ಒಂದು ಕ್ಷಣವೂ ಓಡಿಲ್ಲ. ಅದಕ್ಕಿಂತ ಮುಂಚಿನವೂ ಇಲ್ಲ, ಆಮೇಲಿನವೂ ಇಲ್ಲ. ಏಳಕ್ಕೆ ಏಳೂ ಬಾಗಿಲಲ್ಲೇ ನಿಂತಿದ್ದವು. ಆ ಮಧ್ಯಾಹ್ನ ಫೋನ್ ಹೊಡೆದದ್ದು ಒಂದೇ ಸಲ. ಲಾಗಿನ ಎರಡನೇ ಸಾಲು ಶುದ್ಧ ಸುಳ್ಳು. ಆ ಸುಳ್ಳಿಗೆ ಸಹಿ ಹಾಕಿದವನು ನಾನು.

ಗುಮಾಸ್ತನ ಕಂಪ್ಯೂಟರನ್ನು ಹಠಮಾರಿ ಎಂದಿದ್ದೆ. "ರೀಸ್ಟಾರ್ಟ್ ಮಾಡದಿದ್ದರೆ ಕೆಲಸ ಮುಗಿಯುವುದಿಲ್ಲ" ಎಂದು ಅದು ಮುಖಕ್ಕೆ ಹೊಡೆದಂತೆ ಹೇಳುತ್ತದೆ. ನನ್ನ ಸರ್ವರ್ ಮರ್ಯಾದಸ್ಥ, ಕೇಳಿದವರಿಗೆ ಮಾತ್ರ ಹೇಳುತ್ತದೆ.

7.30

ಈ ಕ್ಷಣ ರೀಸ್ಟಾರ್ಟ್ ಮಾಡಲೇಬೇಕು. ಇವತ್ತೇ ಮತ್ತೆ ಎರಡು ಫ್ರಿಜ್ ಒಟ್ಟಿಗೆ ಕೆಟ್ಟರೆ?

ಆದರೆ ರೀಸ್ಟಾರ್ಟ್ ಮಾಡಿದ ಕೂಡಲೇ ಹಳೆಯದು ಫೈಲನ್ನು ಬಿಡುತ್ತದೆ. ಡಿಸ್ಕಿನಿಂದ ಅಳಿಸಿಹೋಗುತ್ತದೆ. ಆ ಪದವೂ ಹೋಗುತ್ತದೆ. ಆಮೇಲೆ ಯಾರು ಬಂದು ನೋಡಿದರೂ ಹೊಸ ಫೈಲ್, ಹೊಸ ಪ್ರೋಗ್ರಾಂ, ಎಲ್ಲ ಸರಿ. ನನ್ನ ವರದಿಯ ಒಂದೊಂದು ಅಕ್ಷರವೂ ನಿಜವಾಗಿಬಿಡುತ್ತದೆ.

ಒಂಬತ್ತು ಸೆಕೆಂಡಿನ ಕೆಲಸ. ಕೋಣೆಯಲ್ಲಿ ಯಾರೂ ಇಲ್ಲ. ಫ್ಯಾನುಗಳ ಸದ್ದು ಬಿಟ್ಟರೆ ಏನೂ ಇಲ್ಲ. ಈ ಯೋಚನೆ ನನಗೆ ಬಂತು ಎಂದು ಇಲ್ಲಿ ಬರೆದಿಡುತ್ತಿದ್ದೇನೆ. ಬರಲಿಲ್ಲ ಎಂದು ಮುಂದೆ ನನಗೆ ನಾನೇ ಹೇಳಿಕೊಳ್ಳಬಾರದು.

8.20

ಮೊದಲು ಪಟ್ಟಿಯನ್ನು ಪ್ರಿಂಟ್ ತೆಗೆದೆ, ಎರಡು ಪ್ರತಿ. ಆಮೇಲೆ ಹಳೆಯ ಪ್ರೋಗ್ರಾಂ ಇನ್ನೂ ಓಡುತ್ತಿರುವಾಗಲೇ ಅದರ ಕೈಯಿಂದ ಫೈಲಿನ ನಕಲು ತೆಗೆದುಕೊಂಡು ಬೇರೆ ಡಿಸ್ಕಿಗೆ ಹಾಕಿದೆ. ಹೆಸರಿಲ್ಲದ ಫೈಲನ್ನು ಹಾಗೆ ಎತ್ತಿಕೊಳ್ಳಬಹುದು, ಪ್ರೋಗ್ರಾಂ ಬದುಕಿದ್ದರೆ ಮಾತ್ರ. ಎಲ್ಲರಿಗೂ ಬರುವ ವಿದ್ಯೆಯಲ್ಲ. ಬಂದವನು ನಾನು ಎಂದು ಆ ಸಂಕಟದಲ್ಲೂ ಒಂದು ಎಳೆ ಹೆಮ್ಮೆ ಬಂತು. ನನ್ನ ಸ್ವಭಾವವೇ ಇಷ್ಟು, ಏನು ಮಾಡಲಿ.

ಮೇಲ್ವಿಚಾರಕಿ ನರ್ಸನ್ನು ಕರೆದು ಪರದೆ ತೋರಿಸಿದೆ. ಎರಡೂ ಪ್ರತಿಯ ಮೇಲೆ ಗಂಟೆ ಬರೆಸಿ ಸಹಿ ತೆಗೆದುಕೊಂಡೆ.

"ಇದೇನು ಸಾರ್, ಏನೋ ಅಳಿಸಿಹೋಗಿದೆ ಅಂತಿದೆ?"

"ಅಳಿಸಿಹೋದದ್ದೇ ಓಡ್ತಿದೆ ಸಿಸ್ಟರ್. ಮೂರು ವರ್ಷದಿಂದ."

ನಿಲ್ಲಿಸಿದೆ. ಶುರು ಮಾಡಿದೆ. ಒಂಬತ್ತು ಸೆಕೆಂಡು. ನನ್ನ ಮಗಳು ಹುಟ್ಟಿದಾಗಲೂ ಉಸಿರನ್ನು ಅಷ್ಟು ಬಿಗಿಹಿಡಿದಿರಲಿಲ್ಲ.

9.10

ಮೂರು ಮತ್ತು ಐದನೇ ಫ್ರಿಜ್ಜಿನ ಸೆನ್ಸರ್‌ಗಳನ್ನು ಹೊರತೆಗೆದು ಒಂದೇ ಲೋಟ ಬಿಸಿನೀರಿನಲ್ಲಿ ಅದ್ದಿದೆ. ಮೇಜಿನ ಫೋನ್ ಹೊಡೆಯಿತು. ಎತ್ತಿ ಇಟ್ಟೆ. ಮತ್ತೆ ಹೊಡೆಯಿತು.

ಸರಿಯಾಗಿಯೇ ಬರೆದಿದ್ದೆ. ಒಂದೂಮುಕ್ಕಾಲು ವರ್ಷದಿಂದ ಸರಿಯಾಗಿಯೇ ಇತ್ತು. ಖಾಲಿ ರಕ್ತನಿಧಿಯಲ್ಲಿ, ಅವಳ ಕುರ್ಚಿಯ ಪಕ್ಕ ನಿಂತು ಒಬ್ಬನೇ ನಕ್ಕೆ. ಆಮೇಲೆ ನಗುವಂಥದ್ದೇನೂ ಇಲ್ಲ ಎನ್ನಿಸಿತು.

ಬೋರ್ಡನ್ನು ಅಂಗೈಯಲ್ಲೇ ಒರೆಸಿದೆ. 0 ಬರೆದೆ. ಹತ್ತು ನಿಮಿಷದೊಳಗೆ ಅರ್ಧ ಆಸ್ಪತ್ರೆ ಬಾಗಿಲಲ್ಲಿ ನೆರೆದಿತ್ತು. ಯಾರೋ ಸತ್ತಂತೆ ಪಿಸುಮಾತು. ಗುಮಾಸ್ತ "ಸಾರ್, ಏನಾಯ್ತು ಸಾರ್?" ಎಂದು ನನ್ನ ತೋಳನ್ನೇ ಹಿಡಿದುಕೊಂಡ. ಶುಕ್ರವಾರ ಹೇಳುತ್ತೇನೆ ಎಂದೆ.

ಸೂಪರಿಂಟೆಂಡೆಂಟ್ ಊರಲ್ಲಿಲ್ಲ. ಶುಕ್ರವಾರ ಬೆಳಿಗ್ಗೆಯೇ ಬರುವುದು.

ಮಾರ್ಚ್ 13, ಗುರುವಾರ. ಸಂಜೆ 5.45

ಶುಕ್ರವಾರದವರೆಗೆ ಕಾಯಲು ಆಗಲಿಲ್ಲ. ಟೆಕ್ನಿಷಿಯನ್ ಮನೆ ಹುಡುಕಿಕೊಂಡು ಹೋದೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಮೂರನೇ ಮಹಡಿ. ಬಟ್ಟೆ ಒಣಹಾಕುತ್ತಿದ್ದಳು. ಒಳಗೆ ಕರೆದಳು, ಕೂರಿ ಎನ್ನಲಿಲ್ಲ. ನಿಂತೇ ಹೇಳಿದೆ. ಪ್ರಿಂಟ್ ಕೊಟ್ಟೆ. ದಾರಿಯುದ್ದಕ್ಕೂ ಅಂದುಕೊಂಡಿದ್ದೆ — ಕಣ್ಣಲ್ಲಿ ನೀರು ಹಾಕಿಕೊಂಡು ಥ್ಯಾಂಕ್ಸ್ ಸಾರ್ ಅನ್ನುತ್ತಾಳೆ, ನಾನು ಪರವಾಗಿಲ್ಲ ಬಿಡಿ ಅನ್ನುತ್ತೇನೆ ಎಂದು.

ಕಪಾಟಿನಿಂದ ಒಂದು ಚೀಟಿ ತಂದು ನನ್ನ ಕೈಗಿಟ್ಟಳು.

"ಓದಿ ಸಾರ್."

ಕಿವಿ ಡಾಕ್ಟರರ ಚೀಟಿ. ಎರಡೂ ಕಿವಿ ಸರಿಯಾಗಿದೆ ಎಂದು ಬರೆದಿತ್ತು.

"ಸೋಮವಾರ ಹೋಗಿದ್ದೆ. ಹೊಡೆದಿತ್ತೇನೋ, ನಂಗೇ ಕೇಳಿಸ್ಲಿಲ್ವೇನೋ ಅಂತ. ನೀವು ಅಷ್ಟು ಖಡಾಖಂಡಿತವಾಗಿ ಬರೆದಿದ್ರಲ್ಲ. ನನ್ನ ಕಿವೀನೇ ನಾನು ನಂಬಲಿಲ್ಲ, ನಿಮ್ಮ ಕಾಗದ ನಂಬಿದೆ."

ತಪ್ಪಾಯಿತು ಎಂದೆ. ಆ ಮಾತು ಆಡಿ ಎಷ್ಟು ವರ್ಷವಾಗಿತ್ತೋ.

"ಆ ಏಳರಲ್ಲಿ ಒಂದನೇ ಫ್ರಿಜ್ಜಿನ ಅರ್ಧ ಡಿಗ್ರಿನೂ ಇತ್ತಾ?"

"ಇತ್ತು. ಮೂರನೇದು."

"ಹಾಗಾದ್ರೆ ನನ್ನ ಗಾಜಿನ ಕಡ್ಡಿ ಸರಿಯಾಗೇ ಇದೆ."

"ಸರಿಯಾಗೇ ಇದೆ ಮೇಡಂ. ಇಡೀ ಆಸ್ಪತ್ರೆಯಲ್ಲಿ ಸರಿಯಾಗಿದ್ದದ್ದು ಅದೊಂದೇ."

ಆಗ ಕುರ್ಚಿ ಎಳೆದು ಹಾಕಿದಳು. ನಗಲಿಲ್ಲ.

"ನಾಳೆ ಎಲ್ಲರ ಮುಂದೆ ಇದನ್ನ ಹೇಳ್ತೀರಾ?"

"ಹೇಳ್ತೀನಿ."

"ಹಿಂಗೇ? ನಾನೇ ನಿಲ್ಲಿಸಿ ಶುರು ಮಾಡ್ಲಿಲ್ಲ ಅಂತ?"

"ಹಿಂಗೇ."

ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ನಂಬು ಎಂದು ಕೇಳುವ ಮುಖ ನನಗೂ ಇರಲಿಲ್ಲ. ಮೆಟ್ಟಿಲಿಳಿಯುವಾಗ ಮೇಲಿನಿಂದ ಕೂಗಿ, ಎರಡನೇ ಮಹಡಿಯಲ್ಲಿ ಒಂದು ಮೆಟ್ಟಿಲು ಮುರಿದಿದೆ, ನೋಡಿಕೊಂಡು ಹೋಗಿ ಎಂದಳು.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ 9.30

ಮನೆಯವಳು ಬಿಳಿ ಶರ್ಟಿಗೆ ಇಸ್ತ್ರಿ ಹಾಕಿ ಇಟ್ಟಿದ್ದಳು. ಕಾಲರಿನ ಗುಂಡಿ ಬಿಗಿ ಮಾಡಿದ್ದಳು. "ನಿಮ್ಮನ್ನ ಅಲ್ಲಿಂದ ತೆಗೆದ್ರೂ ತೆಗೀಬಹುದು ಅಲ್ವಾ?" ಎಂದು ಕೇಳಿದಳು. ಸರ್ವರ್ ರೂಮಿನ ಬೀಗದ ಕೈ ಕಸಿದುಕೊಳ್ಳಬಹುದು ಎಂದೆ. "ಕಸ್ಕೊಳ್ಳಲಿ. ನನ್ನ ಗಂಡ ಸುಳ್ಳು ಹೇಳಿ ಉಳಿಸ್ಕೊಂಡ ಅಂತ ಆಗೋದು ಬೇಡ" ಎಂದಳು. ಆ ಮಾತಿಗೆ ಎದೆ ತುಂಬಿತು. ಅವಳ ಬಗ್ಗೆ ಹೆಮ್ಮೆ. ಪ್ರಶ್ನೆ ಕೇಳಿದವಳೂ ಅವಳೇ ತಾನೆ. ಮೂರು ವರ್ಷದಲ್ಲಿ ನನಗೆ ಹೊಳೆಯದೇ ಇದ್ದದ್ದು.

10.25

ವಿಚಾರಣೆ ಕೋಣೆಯ ಹೊರಗೆ. ಉದ್ದನೆಯ ಮರದ ಬೆಂಚು. ಎದುರು ಬೆಂಚಿನಲ್ಲಿ ಟೆಕ್ನಿಷಿಯನ್, ಕೋಟಿಲ್ಲದೆ, ಮಡಿಲಲ್ಲಿ ಕೈ ಕಟ್ಟಿಕೊಂಡು. ನನ್ನ ಕಡೆ ನೋಡುತ್ತಿಲ್ಲ. ಮಾತಾಡುವುದಕ್ಕೆ ಇದು ಸ್ಥಳವಲ್ಲವೆಂದು ಬರೆಯುತ್ತ ಕೂತಿದ್ದೇನೆ.

ಆಡಳಿತಾಧಿಕಾರಿ ಬಂದು ಪಕ್ಕದಲ್ಲಿ ಕೂತರು. ಮೇಲ್ವಿಚಾರಕಿಯಿಂದ ಸುದ್ದಿ ತಲುಪಿದೆ. ಕಿವಿಯ ಹತ್ತಿರ ಬಗ್ಗಿ:

"ಯಾಕೆ ಸುಮ್ಮನೆ ತಲೆ ಕೊಡ್ತೀರಿ? 'ತಾಂತ್ರಿಕ ಕಾರಣ, ಪ್ರೋಗ್ರಾಂ ಕೈಕೊಟ್ಟಿತು' ಅನ್ನಿ ಸಾಕು. ಆ ಹೆಣ್ಣುಮಗಳ ಕೆಲಸಾನೂ ಉಳಿಯತ್ತೆ, ನಿಮ್ಮ ಹೆಸರೂ ಬರಲ್ಲ. ಮಷೀನಿಗೆ ಯಾರು ಮೆಮೋ ಕೊಡ್ತಾರೆ ಹೇಳಿ?"

ಒಳ್ಳೆಯ ಮನುಷ್ಯ. ಒಳ್ಳೆಯದಕ್ಕೇ ಹೇಳಿದ್ದು. ಆದರೂ ಕೋಪ ಬಂತು, ನುಂಗಿಕೊಂಡು ಹೇಳಿದೆ:

"ಪ್ರೋಗ್ರಾಂ ಕೈಕೊಡಲಿಲ್ಲ ಸಾರ್. ಅದು ಒಂದು ಸೆಕೆಂಡೂ ತಪ್ಪು ಮಾಡಿಲ್ಲ. ತನಗೆ ಹೇಳಿದ್ದನ್ನ ಹೇಳಿದ ಹಾಗೆ ಮಾಡ್ತಾ ಇತ್ತು. ಸಿಸ್ಟಮ್ಮೂ ಸರಿಯಾಗೇ ಮಾಡಿದೆ. ಬದಲಾಯಿಸಿದೆ ಅಂತ ಹೇಳ್ಕೊಂಡು ತಿರುಗಾಡಿದೋನು ನಾನು."

"ಅಯ್ಯೋ, ಮಷೀನಿನ ಮಾನ ಕಟ್ಕೊಂಡು ನಿಮಗೇನ್ರೀ?"

ಏನು ಎಂದರೆ ಏನು ಹೇಳಲಿ. ನಾನು ಬರೆದದ್ದು ಅದು. ಮೊನ್ನೆ ಒಂದರ ಹಿಂದೆ ಒಂದು ಎರಡು ಸಲ ಫೋನ್ ಹೊಡೆದ ಹಾಗೆ ಬರೆದವನು ನಾನು. ಅದರ ಮೇಲೆ ಗೂಬೆ ಕೂರಿಸಿ ನಾನು ತಪ್ಪಿಸಿಕೊಂಡರೆ ನಾಳೆಯಿಂದ ಆ ಕೋಣೆಯೊಳಗೆ ಯಾವ ಮುಖ ಹೊತ್ತು ಕಾಲಿಡಲಿ? ಅಷ್ಟೇ ಅಲ್ಲ. "ತಾಂತ್ರಿಕ ಕಾರಣ" ಎಂದರೆ ಅವಳ ಕೆಲಸ ಉಳಿಯಬಹುದು, ಆದರೆ ಅವಳು ಅಲ್ಲೇ ಇದ್ದಳು, ಕೇಳಿಸಿಕೊಳ್ಳುತ್ತಿದ್ದಳು, ಸರಿಯಾಗಿ ಹೇಳಿದಳು ಎನ್ನುವುದು ಎಲ್ಲಿಯೂ ದಾಖಲಾಗುವುದಿಲ್ಲ. ಅದು ಕಾಗದದ ಮೇಲೆ ಬರಬೇಕು. ನನ್ನ ಸಹಿಯ ಪಕ್ಕದಲ್ಲೇ.

ವಿಚಿತ್ರವೆಂದರೆ ಹೆದರಿಕೆ ಇಲ್ಲ. ಅಂಗೈ ಒಣಗಿದೆ. ಎದೆಯುಬ್ಬಿಸಿಕೊಂಡು ಕೂತಿದ್ದೇನೆ ಎಂದು ಈಗ ಗಮನಕ್ಕೆ ಬಂತು. ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ದೊಡ್ಡ ತಪ್ಪು ಮಾಡಿರಲಿಲ್ಲ. ಹೀಗೆ ಸೆಟೆದು ಕೂತದ್ದೂ ಇಲ್ಲ.

ಬಾಗಿಲು ತೆರೆಯಿತು. ಅಟೆಂಡರ್ ಪಟ್ಟಿ ನೋಡುತ್ತಿದ್ದಾನೆ. ಮೊದಲು ರಕ್ತನಿಧಿಯ ಟೆಕ್ನಿಷಿಯನ್ ಅಂತೆ, ಆರೋಪ ಇರುವುದು ಅವರ ಮೇಲೆ, ನಾನು ಸಾಕ್ಷಿಯಾಗಿ ಆಮೇಲೆ. ಅವಳು ಎದ್ದು ಸೆರಗು ಸರಿಮಾಡಿಕೊಳ್ಳುತ್ತಿದ್ದಾಳೆ. ಕೂತ್ಕೊಳ್ಳಿ ಮೇಡಂ ಎಂದೆ. ಪಟ್ಟಿಯಲ್ಲಿ ಹಾಗಿಲ್ಲ ಸಾರ್ ಎನ್ನುತ್ತಿದ್ದಾನೆ ಇವನು. ಪಟ್ಟಿ ಇರಲಿ, ಮೊದಲು ನಾನೇ ಹೋಗ್ತೀನಿ ಎಂದೆ. ಪುಸ್ತಕ ಮುಚ್ಚುತ್ತಿದ್ದೇನೆ.